ಓಣಿಯ ಮೇಲೊಂದು ಮರ

ಕಚಕ್. ಸ್ವಲ್ಪ ಬಿಟ್ಟು ಮತ್ತೆ ಕಚಕ್.

ಜೆರಾಕ್ಸ್ ಅಂಗಡಿಯ ಹಲಗೆಗೋಡೆಯ ಹಿಂದಿನಿಂದ ದಿನವಿಡೀ ಆ ಸದ್ದು ಬರುತ್ತಿತ್ತು. ಒಳಗೆ ಯಾರೋ ಫೋಟೊ ತೆಗೆಸಿಕೊಳ್ಳುತ್ತಿದ್ದಾರೆಂದು ಹೊಸ ಗಿರಾಕಿಗಳು ತಲೆಗೂದಲು ಸವರಿಕೊಳ್ಳುತ್ತಿದ್ದರು. ಆದರೆ ಅಲ್ಲಿ ಕ್ಯಾಮೆರಾ ಇರಲಿಲ್ಲ. ಚಿಕ್ಕಮ್ಮ ಕಂಪ್ಯೂಟರಿನಲ್ಲಿ ನಕ್ಷೆಯ ಜಾಲತಾಣ ತೆರೆದು, ಆಕಾಶದಿಂದ ಕಾಣುವ ಊರನ್ನು ತುಂಡು ತುಂಡಾಗಿ ಉಳಿಸಿಕೊಳ್ಳುತ್ತಿದ್ದಳು. ಒಂದೊಂದು ತುಂಡಿಗೂ ಯಂತ್ರ ಕಚಕ್ ಎನ್ನುತ್ತಿತ್ತು.

ಅಕ್ಕನ ಹೆರಿಗೆಗೆಂದು ಮೂರು ತಿಂಗಳ ಮಟ್ಟಿಗೆ ಬಂದವಳು ಹನ್ನೆರಡು ವರ್ಷ ಉಳಿದುಬಿಟ್ಟಿದ್ದಳು. ಅಕ್ಕನ ಮಗಳು ಕರೆದಂತೆ ಅಂಗಡಿ ನಡೆಸುವ ಭಾವ ಕರೆದ, ಭಾವ ಕರೆದಂತೆ ಗಿರಾಕಿಗಳು ಕರೆದರು; ಈಗ ಹಲ್ಲು ಬಿದ್ದ ಮುದುಕರಿಗೂ ಅವಳು ಚಿಕ್ಕಮ್ಮನೇ. ಊಟ ನಿದ್ದೆ ಅಂಗಡಿಯ ಮೇಲಿನ ಮನೆಯಲ್ಲಿ, ಕೆಲಸ ಕೆಳಗೆ, ನಡುವೆ ಹದಿನಾಲ್ಕು ಮೆಟ್ಟಿಲು. ಅವಳು ಕೂರುವಲ್ಲಿ ಒಂದು ಕಿಟಕಿಯೇನೋ ಇತ್ತು. ತೆರೆದರೆ ಪಕ್ಕದ ಕಟ್ಟಡದ ಗೋಡೆ. ಕೈ ಚಾಚಿದರೆ ಗಾರೆ ತಾಗುತ್ತಿತ್ತು. ಊರಿನ ಅಷ್ಟೂ ಮನೆಗಳ ತಾರಸಿ ಬಲ್ಲವಳಿಗೆ ಎದುರು ಸಾಲಿನ ಅಂಗಡಿಗಳ ಬಾಗಿಲು ಯಾವ ಬಣ್ಣದ್ದೆಂದು ಗೊತ್ತಿರಲಿಲ್ಲ.

ಕಟ್ಟಡದ ಪರವಾನಗಿ ಅರ್ಜಿಯ ಜೊತೆ ಜಾಗದ ಚಿತ್ರ ಲಗತ್ತಿಸಬೇಕೆಂದು ಪುರಸಭೆ ಕಚೇರಿಯವರು ಕೇಳುತ್ತಿದ್ದರು. ದೂರದಿಂದ ಉಳಿಸಿಕೊಂಡರೆ ಚಿತ್ರ ಮಸುಕು. ಹತ್ತಿರಕ್ಕೆ ಹೋದರೆ ಪರದೆಯಲ್ಲಿ ಹಿಡಿಯುವುದು ನಾಲ್ಕೇ ಮನೆ. ಹಾಗಾಗಿ ಹತ್ತಿರದಿಂದಲೇ ಇಪ್ಪತ್ತು ಮೂವತ್ತು ತುಂಡು ಉಳಿಸಿ, ಒಂದರ ಅಂಚು ಇನ್ನೊಂದರ ಮೇಲೆ ಎರಡು ಬೆರಳಷ್ಟು ಕೂರುವಂತೆ ಜೋಡಿಸಬೇಕು. ಜಾಲತಾಣದವರೇ ಬೇರೆ ಬೇರೆ ದಿನದ ಚಿತ್ರಗಳನ್ನು ಸೇರಿಸಿದ ಕಡೆ ರಸ್ತೆಯಲ್ಲಿ ಅರ್ಧ ಕಾರು ಉಳಿಯುತ್ತಿತ್ತು. ಚಿಕ್ಕಮ್ಮನಿಗೆ ಅದು ಕಣ್ಣಲ್ಲಿ ಕಸವಿದ್ದಂತೆ. ಪಕ್ಕದ ರಸ್ತೆಯ ಚೂರು ನಕಲು ಮಾಡಿ, ಯಾರೂ ಕೇಳದಿದ್ದರೂ ಮುಚ್ಚಿಬಿಡುತ್ತಿದ್ದಳು.

“ಭಾವ, ಈ ನಕ್ಷೆ ಕೆಳಗೆ ನಕಲು ಮಾಡಬಾರದು ಅಂತ ಸಣ್ಣದಾಗಿ ಬರೆದಿದ್ದಾರೆ,” ಎಂದಿದ್ದಳು ಮೊದಮೊದಲು.

“ನಮ್ಮ ಗೋಡೆ ಮೇಲೆ ಉಗುಳಬಾರದು ಅಂತ ದಪ್ಪದಾಗೇ ಬರೆದಿದೀನಿ. ಯಾರು ಕೇಳ್ತಾರೆ?”

ಬಂದವರ ಮುಂದೆಲ್ಲ ಭಾವ ಅವಳನ್ನು ಹೊಗಳುತ್ತಿದ್ದ. “ನಮ್ಮ ಚಿಕ್ಕಮ್ಮ ಲಾರಿ ಮಾಯ ಮಾಡಿದ್ರೆ ಲಾರಿ ಡ್ರೈವರ್‌ಗೇ ಅನುಮಾನ ಬರಬೇಕು, ನಾನು ಅವತ್ತು ಅಲ್ಲಿ ನಿಲ್ಲಿಸಿದ್ದೆನಾ ಅಂತ!”

ಆ ಹೊಗಳಿಕೆ ಕಾಂಟ್ರ್ಯಾಕ್ಟರನ ಕಿವಿಗೂ ಬಿತ್ತು.

ಅವನು ಹೊಸದಾಗಿ ಕೊಂಡ ಜಾಗದ ಚಿತ್ರ ಮಂಗಳವಾರ ಬೆಳಿಗ್ಗೆ ತಯಾರಾಗಿತ್ತು. ಪ್ರಿಂಟಿನ ಮೇಲೆ ಬೆರಳಿಟ್ಟು ಅವನು ಹೇಳಿದ, “ಚಿಕ್ಕಮ್ಮ, ಈ ಗೀರು ಒಂದು ತೆಗೆದುಬಿಡಿ.”

“ಅದು ಗೀರಲ್ಲ. ಓಣಿ.”

“ಚಿತ್ರದಲ್ಲಿ ಇಲ್ಲ ಅಂದ್ರೆ ಕಚೇರೀಲೂ ಇಲ್ಲ. ಅವರೇನು ಬಿಸಿಲಲ್ಲಿ ಬಂದು ನೋಡ್ತಾರಾ? ಐದು ಗಂಟೆಗೆ ಬರ್ತೀನಿ.”

ಓಣಿ ಅವನ ಜಾಗದ ನಡುವೆ ಹಾದು ಹಿಂದಿನ ತಗಡಿನ ಮನೆಗೆ ಹೋಗುತ್ತಿತ್ತು. ಆ ಮನೆಗೆ ಇದ್ದದ್ದು ಅದೊಂದೇ ದಾರಿ. ಅಲ್ಲಿ ಹೊಲಿಗೆಯಾಕೆ ಇದ್ದಳು. ಹೋದ ತಿಂಗಳು ಜೆರಾಕ್ಸಿಗೆ ಬಂದವಳು ಪರದೆಯೊಳಕ್ಕೆ ಇಣುಕಿ, ತನ್ನ ಮನೆ ತೋರಿಸೆಂದು ಕೇಳಿದ್ದಳು. ಹಗ್ಗದ ಮೇಲಿನ ಕೆಂಪು ಚುಕ್ಕೆ ಕಂಡು, “ಅಯ್ಯೋ, ನನ್ನ ಹೊದಿಕೆ ಕಣಮ್ಮ! ದೇವರಿಗೆ ಮೇಲಿಂದ ನಾನು ಬಟ್ಟೆ ಒಣಗಿಸೋದೊಂದೇ ಕಾಣೋದು ಅನ್ನು. ಅದಕ್ಕೇ ಬೇರೆ ಯಾವುದಕ್ಕೂ ಬರಲ್ಲ,” ಎಂದು ನಕ್ಕಿದ್ದಳು. ನಡೆಯಲಾಗದ ಗಂಡನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ವಾರಕ್ಕೆರಡು ಸಲ ಅದೇ ಓಣಿಯಲ್ಲಿ ಆಸ್ಪತ್ರೆಗೆ ತಳ್ಳಿಕೊಂಡು ಹೋಗುತ್ತಿದ್ದಳು.

“ಭಾವ, ಇದೊಂದು ಬೇಡ.”

“ಅರ್ಧ ಕಾರು ಅಳಿಸೋವಾಗ ಇಲ್ಲದ ಧರ್ಮಸಂಕಟ ಈಗೆಲ್ಲಿಂದ ಬಂತು? ನಾನು ಹೇಳಿದ್ನಾ ಅಳಿಸು ಅಂತ? ನೀನೇ ಕಲಿತಿದ್ದು.”

ಅದು ನಿಜವಾಗಿತ್ತು. ಮೆಟ್ಟಿಲ ಮೇಲಿಂದ ಅಕ್ಕನೂ ದನಿಗೂಡಿಸಿದಳು, “ಇನ್ನೂ ಮೂರು ಕಟ್ಟಡದ ಕೆಲಸ ನಮಗೇ ಕೊಡ್ತಾರಂತೆ ಕಣೇ. ಹೇಳಿದಷ್ಟು ಮಾಡು ಸಾಕು.”

ಚಿಕ್ಕಮ್ಮ ಕುರ್ಚಿಗೆ ಮರಳಿದಳು. ಪಕ್ಕದ ಹಿತ್ತಲಿನಿಂದ ಒಂದು ಮರ ನಕಲು ಮಾಡಿ ಓಣಿಯ ಬಾಯಿಯ ಮೇಲಿಟ್ಟಳು. ನೆರಳು ಸರಿಯಾದ ದಿಕ್ಕಿಗೆ ಬೀಳುವಂತೆ ತುಸು ತಿರುಗಿಸಿದಳು. ಉಳಿದ ಉದ್ದಕ್ಕೆ ಹುಲ್ಲು ಸಾಕಾಯಿತು. ಎಲೆ ಎಲೆಯೂ ಹೊಂದಿಕೊಂಡಿತು; ಮರದ ಬೇರು ಮೊದಲಿಂದ ಅಲ್ಲೇ ಇತ್ತೇನೋ ಎಂಬಂತೆ. ಇಷ್ಟು ಚೆನ್ನಾದ ಕೆಲಸ ಅವಳು ಹಿಂದೆಂದೂ ಮಾಡಿರಲಿಲ್ಲ. ನಾಲ್ಕೂ ಕಡೆ ಹಸಿರು ಮುತ್ತಿದ ತಗಡಿನ ಮನೆ ಪರದೆಯ ನಡುವೆ ಕೂತಿತ್ತು. ಕೆಂಪು ಹೊದಿಕೆ ಒಣಗುತ್ತಲೇ ಇತ್ತು. ಒಳಗಿದ್ದವರು ಹೊರಗೆ ಬರುವುದು ಹೇಗೆಂದು ಅವಳು ಹುಡುಕಿದಳು. ಎಲ್ಲಿಯೂ ಒಂದು ಎಳೆ ಜಾಗ ಬಿಟ್ಟಿರಲಿಲ್ಲ ಅವಳ ಕೈ.

ಭಾವ ಬಂದು ಬಗ್ಗಿ ನೋಡಿದ. “ಭಲೆ! ನಾನೇ ಅಲ್ಲಿ ಓಡಾಡಿದೀನಿ, ನನಗೇ ಮರೆತುಹೋಯ್ತು. ಪ್ರಿಂಟ್ ಕೊಡು.”

ಅವಳು ಕಡತ ಮುಚ್ಚಿದಳು. ಬದಲಾವಣೆ ಉಳಿಸಬೇಕೆ ಎಂದು ಯಂತ್ರ ಕೇಳಿತು. ಬೇಡ ಎಂಬುದರ ಮೇಲೆ ಒತ್ತಿದಳು.

“ಏನು ಮಾಡಿದೆ?”

“ಉಳಿಸಲಿಲ್ಲ.”

“ಹುಚ್ಚು ಹಿಡೀತಾ? ಐದಕ್ಕೆ ಇನ್ನೇನು ಅರ್ಧ ಗಂಟೆ ಇದೆ. ಇನ್ನೊಂದು ಸಲ ಮಾಡು.”

“ಇಲ್ಲ ಭಾವ.”

“ಸರಿ, ನಾನೇ ಮಾಡ್ತೀನಿ.”

“ನಿಮಗೆ ನೆರಳು ಕೂಡಿಸೋಕೆ ಬರಲ್ಲ.” ಹಂಗಿಸಲೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು.

ಅಕ್ಕ ಕೆಳಗಿಳಿದು ಬಂದಿದ್ದಳು. “ಉಂಡ ಮನೆಗೆ ಎರಡು ಬಗೀತೀಯೇನೇ? ಇಲ್ಲಿ ಬಿಟ್ರೆ ಎಲ್ಲಿಗೆ ಹೋಗ್ತೀಯ, ಅದನ್ನ ಹೇಳು ಮೊದಲು.”

ರಾತ್ರಿಯ ಊಟಕ್ಕೆ ಇದೇ ಹದಿನಾಲ್ಕು ಮೆಟ್ಟಿಲು ಹತ್ತಬೇಕೆಂದು ಚಿಕ್ಕಮ್ಮನಿಗೆ ಗೊತ್ತಿತ್ತು. ತಟ್ಟೆ ಇಡುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಬೆಳಗಿನ ಪ್ರಿಂಟು, ಓಣಿ ಇದ್ದದ್ದು, ಮೇಜಿನ ಮೇಲೆಯೇ ಬಿದ್ದಿತ್ತು. ಅದನ್ನು ಎರಡು ಮಡಿಕೆ ಮಾಡಿ ಕೈಯಲ್ಲಿ ಹಿಡಿದಳು. ತನ್ನ ಚಪ್ಪಲಿ ಯಾವಾಗ ಹರಿದಿತ್ತೋ ನೆನಪಿರಲಿಲ್ಲ. ಬಾಗಿಲಲ್ಲಿದ್ದ ಅಕ್ಕನ ಚಪ್ಪಲಿಗೆ ಕಾಲು ತೂರಿಸಿದಳು.

“ಆ ಹೊಲಿಗೆಯವಳಿಗೆ ಕೊಡ್ತೀಯಾ? ಕೊಡು ನೋಡೋಣ,” ಭಾವ ಕೌಂಟರು ಸುತ್ತಿಕೊಂಡು ಬಂದ. “ನಾಳೆ ಅವಳು ಈ ಕಾಗದ ಹಿಡಿದು ಕಚೇರಿಗೆ ಹೋದ್ರೆ ನನ್ನ ಅಂಗಡಿ ಗತಿ ಏನಾಗತ್ತೆ ಗೊತ್ತಾ? ನಿಂಗೆ ಏನು ಕಡಿಮೆ ಮಾಡಿದೀವಿ ನಾವು? ಹೇಳು, ನಿನ್ನ ಬಾಯಲ್ಲೇ ಹೇಳು. ಹನ್ನೆರಡು ವರ್ಷ…”

ಅವನು ಬಾಗಿಲಿಗೆ ಬರುವಷ್ಟರಲ್ಲಿ ಚಿಕ್ಕಮ್ಮ ಬೀದಿಗೆ ಇಳಿದು, ಎರಡು ಅಂಗಡಿ ದಾಟಿ ಹೋಗಿದ್ದಳು.