ಹಲ್ಲಿನ ಗುರುತು

ಮದ್ದೂರಿನ ಕೆಂಪಯ್ಯನವರ ಮನೆಯ ಮದುವೆಯಲ್ಲಿ ಅಂಕಯ್ಯನಿಗೆ ಎಲೆ ಹಾಕಿದ್ದು ತಿಪ್ಪೆಯ ಪಕ್ಕದಲ್ಲಿ. ಇದೇನೂ ಹೊಸದಲ್ಲ. ಮಳವಳ್ಳಿ ಸೀಮೆಯಲ್ಲಿ ಓಲಗ ಊದುತ್ತಾ ಅವನು ಉಂಡ ಮದುವೆಯೂಟಗಳೆಲ್ಲ ಕೊಟ್ಟಿಗೆಯ ಹಿಂದೆ, ಬಚ್ಚಲ ಮೋರಿಯ ದಂಡೆಯಲ್ಲಿ, ಇಲ್ಲವೇ ಹುಲ್ಲುಮೆದೆಯ ನೆರಳಿನಲ್ಲಿ ಮುಗಿದಿದ್ದವು. ಅವನಪ್ಪ ಉಂಡದ್ದೂ ಅಲ್ಲೇ. ಆದರೆ ಆ ದಿನ ಪಾಯಸಕ್ಕೆ ನೊಣ ಮುತ್ತಿದಾಗ ಅವನು ತಲೆಯೆತ್ತಿ ಚಪ್ಪರದ ಕಡೆ ನೋಡಿಬಿಟ್ಟ. ಮಂಡ್ಯದಿಂದ ಬಂದ ಬ್ಯಾಂಡಿನವರು ಕೆಂಪು ಕೋಟು ತೊಟ್ಟು ಕುರ್ಚಿಗಳ ಮೇಲೆ ಕೂತಿದ್ದರು. ಅವರಿಗೆಂದೇ ತರಿಸಿದ್ದ ಗಾಜಿನ ಲೋಟಗಳಿಂದ ಕಾಫಿಯ ಹಬೆ ಏಳುತ್ತಿತ್ತು.

"ಉಣ್ಣು ಬಾವ. ನೊಣ ಉಂಡು ಮಿಕ್ಕಿದ್ದ ಉಣ್ತೀಯಾ?" ಎಂದ ಸಿದ್ದರಾಜು. ಅವನು ಅಂಕಯ್ಯನ ಹೆಂಡತಿಯ ತಮ್ಮ, ಓಲಗದ ಜೊತೆಗೆ ಡೋಲು ಬಡಿಯುವವನು. ಊಟದ ಮೇಲೆ ಅವನು ಎಂದೂ ಮುನಿಸಿಕೊಂಡವನಲ್ಲ.

"ಧಾರೆಗೆ ಊದ್ದೋರು ನಾವಲ್ವೇನ್ಲಾ?"

"ನಾವೇ ಕಣ್ ಬಾವ. ಅದ್ಕೇ ಪಾಯ್ಸ ಬುಟ್ಟವ್ರೆ."

ಅವರು ಎಲೆ ಎತ್ತಿಕೊಂಡು ಏಳುವುದನ್ನೇ ಕಾಯುತ್ತಿದ್ದಂತೆ ಕೆಂಪಯ್ಯನವರ ಹೆಂಡತಿ ಪಟ್ಟಲಮ್ಮ ಸಗಣಿ ನೀರಿನ ಕೊಡಪಾನ ಹಿಡಿದು ಬಂದಳು. ಬಗ್ಗಿ, ಮೂಗು ಸಿಂಡರಿಸಿಕೊಂಡು, ಅವರು ಕೂತಿದ್ದ ಜಾಗಕ್ಕೆ ನೀರೆರಚಿದಳು. ಹಸಿರು ನೀರು ಅಂಕಯ್ಯನ ಹಿಮ್ಮಡಿಗೂ ಸಿಡಿಯಿತು. ಬೆಳಗ್ಗೆ ಅವನ ಬಾಯಿಂದ ಉಸಿರು ಹೊರಡುವವರೆಗೆ ಆ ಮನೆಯಲ್ಲಿ ತಾಳಿ ಕಟ್ಟುವ ಹಾಗಿರಲಿಲ್ಲ. ಬ್ಯಾಂಡು ಬೀದಿಗೆ, ಧಾರೆಗೆ ಓಲಗವೇ ಆಗಬೇಕು ಎಂದವಳೂ ಅವಳೇ. ಈಗ ಅದೇ ಬಾಯಿಯ ಎಂಜಲಿಗೆ ತಿಪ್ಪೆಯೂ ಮೈಲಿಗೆಯಾಗಿತ್ತು! ಅಂಕಯ್ಯ ಹಿಮ್ಮಡಿಯನ್ನು ಹುಲ್ಲಿಗೆ ಒರೆಸಿ ಹೊರಟ.

ಹೊರಬಾಗಿಲಲ್ಲಿ ಬ್ಯಾಂಡಿನ ಯಜಮಾನ ದಸ್ತಗೀರ್ ಅವನ ತೋಳು ಹಿಡಿದು ನಿಲ್ಲಿಸಿದ.

"ಏನ್ ಉಸ್ರಯ್ಯಾ ನಿಂದು! ನಮ್ ಕೋಟ್ನವ್ರೆಲ್ಲಾ ಸೇರ್ಕಂಡು ಊದುದ್ರೂ ಅಷ್ಟ್ ದಮ್ಮಿಲ್ಲ. ನಂತಾವ ಕ್ಲಾರನೆಟ್ಟು ಸುಮ್ನೆ ಬಿದ್ದದೆ. ನನ್ ತಮ್ಮ ಅಸದುಲ್ಲಾ ಊದ್ತಿದ್ದ. ಹೋದ ವರ್ಸ ಜ್ವರ ಬಂದು ಓಗ್ಬುಟ್ಟ. ನೀ ಬಾ. ಕೋಟು ಕೊಡ್ತೀನಿ. ಚಪ್ಪರದಲ್ಲಿ ಕುರ್ಚಿ ಮೇಲೆ ಕೂರ್ತೀಯ."

"ಓಲಗ?"

"ಓಲಗ ಬುಟ್ಬುಡು. ಎರಡನ್ನೂ ಊದುದ್ರೆ ಬಾಯಿ ಕೆಡ್ತದೆ, ಗೊತ್ತಲ್ಲ."

ಗೊತ್ತಿತ್ತು. ಓಲಗದ ತುದಿಯ ಹುಲ್ಲಿನ ಪೀಪಿಗೆ ತುಟಿ ಕೂಡಿಕೊಳ್ಳುವ ರೀತಿಯೇ ಬೇರೆ, ಕ್ಲಾರನೆಟ್ಟಿಗೆ ಬೇರೆ. ಆದರೂ ಅಂಕಯ್ಯ ಒಂದು ಸಲ ಹಿಂತಿರುಗಿ ತಿಪ್ಪೆಯತ್ತ ನೋಡಿದ. ಆ ವಾರ ಮಂಡ್ಯಕ್ಕೆ ಹೋಗಿ ಕ್ಲಾರನೆಟ್ಟಿನ ಪೆಟ್ಟಿಗೆಯನ್ನು ತಂದೇಬಿಟ್ಟ. ಊದಿ ನೋಡಿ ಮುಂದಿನ ಲಗ್ನದೊಳಗೆ ತೀರ್ಮಾನ ಹೇಳಬೇಕೆಂದು ಮಾತಾಯಿತು. ಮದ್ದೂರಿನಿಂದ ಮಳವಳ್ಳಿಯ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಎಳೆಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದ.

ಮನೆಯ ಜಗುಲಿಯಲ್ಲಿ ಪೆಟ್ಟಿಗೆ ತೆರೆದಾಗ ಹೊಗೆಸೊಪ್ಪಿನ ಹಳೆಯ ವಾಸನೆ ಮುಖಕ್ಕೆ ಹೊಡೆಯಿತು. ಕರಿಯ ಮರದ ಕೊಳವೆ, ಅದರ ತುಂಬ ಬೆಳ್ಳಗೆ ಹೊಳೆಯುವ ಬಿಲ್ಲೆಗಳು, ಚಂದವಾಗಿಯೇ ಇತ್ತು. ಕೆಟ್ಟದ್ದು ಅದರ ತುದಿ. ಬಾಯೊಳಗಿಡುವ ಆ ತುಂಡು ಬಾತುಕೋಳಿಯ ಕೊಕ್ಕಿನ ಹಾಗಿತ್ತು. ಅಂಕಯ್ಯ ಅದಕ್ಕೆ ಮೂತಿ ಎಂದೇ ಹೆಸರಿಟ್ಟ. ಮೂತಿಯ ಬೆನ್ನಿನ ಮೇಲೆ ಅಕ್ಕಪಕ್ಕದಲ್ಲಿ ಎರಡು ಹಲ್ಲಿನ ಗುರುತು, ಸಣ್ಣ ಗುಂಡಿಗಳಾಗಿ ಇಳಿದಿದ್ದವು. ಒಳಗಡೆ ಎಲೆಯಡಿಕೆಯ ಕೆಂಪು, ಒಣಗಿದ ಜೊಲ್ಲಿನ ಹಳದಿ, ಹೆಪ್ಪುಗಟ್ಟಿ ಕೂತಿತ್ತು.

ಓಲಗದವರಲ್ಲಿ ಒಬ್ಬರ ಪೀಪಿಯನ್ನು ಇನ್ನೊಬ್ಬರು ಬಾಯಿಗಿಡುವುದಿಲ್ಲ. ಅಪ್ಪನದನ್ನು ಮಗ ಮುಟ್ಟುವುದಿಲ್ಲ. ಅಂಕಯ್ಯನ ಅಪ್ಪ ಸತ್ತಾಗ ಅವನ ಪೀಪಿಯನ್ನು ಅವನ ತುಟಿಗಳ ನಡುವೆ ಇಟ್ಟೇ ಮಣ್ಣು ಮಾಡಿದ್ದರು. ಸತ್ತವನ ಜೊತೆ ಹೋಗಬೇಕಾದ್ದು ಈಗ ತನ್ನ ಬಾಯಿಗೆ ಬರಲಿದೆ ಎಂದುಕೊಂಡಾಗ ಅವನ ನಾಲಗೆಯ ಬುಡದಲ್ಲಿ ಉಪ್ಪುನೀರು ಊರಿತು.

"ಥೂ! ಒಳೀಕೆ ತರಬ್ಯಾಡ ಅದ," ಎಂದಳು ಹೆಂಡತಿ ಮಲ್ಲಿಗಮ್ಮ. "ಕೋಳಿ ಪಂಜ್ರದ ಮೇಲಿಕ್ಕು. ಸತ್ತೋನ್ ಎಂಜ್ಲು, ಅದೂ ಸಾಬ್ರುದು."

"ಕುರ್ಚಿ ಮೇಲೆ ಕೂರಿಸ್ತಾರೆ ಕಣೆ."

"ಕುರ್ಚಿಗೋಸ್ಕರ ಎಂಜ್ಲು ನೆಕ್ಕೀಯಾ? ಆ ತಿಪ್ಪೆ ಅನ್ನಾನೇ ವಾಸಿ."

ಮೂತಿಯನ್ನು ಬಿಚ್ಚಿಟ್ಟು, ಬರಿಯ ಕೊಳವೆಯ ಮೇಲೆ ಬೆರಳಾಡಿಸಿ ಅವನು ಕೆಲವು ದಿನ ಕಳೆದ. ಓಲಗದಲ್ಲಿ ತೂತಿಗೂ ಬೆರಳಿನ ಮಾಂಸಕ್ಕೂ ನಡುವೆ ಏನೂ ಇಲ್ಲ. ಬೆರಳನ್ನು ತುಸುವೇ ಸರಿಸಿದರೆ ಸ್ವರ ಜಾರುತ್ತದೆ, ಬಾಗುತ್ತದೆ, ಅಳುತ್ತದೆ. ಇಲ್ಲಿ ಬಿಲ್ಲೆ ಒತ್ತಿದರೆ ಟಕ್ಕೆಂದು ಮುಚ್ಚಿತು, ಬಿಟ್ಟರೆ ಟಕ್ಕೆಂದು ತೆರೆಯಿತು. ಪೆಟ್ಟಿಗೆ ಅಂಗಡಿಯ ಬಾಗಿಲು ಹಾಕಿ ತೆಗೆದ ಹಾಗೆ. ಇದನ್ನು ಹಿಂದಕ್ಕೆ ಕೊಟ್ಟುಬಿಡೋಣ ಎಂದುಕೊಳ್ಳುತ್ತಲೇ ಒಂದು ಮಧ್ಯಾಹ್ನ ಪಂಚೆಯ ಚುಂಗನ್ನು ಮೂತಿಗೆ ಸುತ್ತಿ, ಕಣ್ಣು ಮುಚ್ಚಿ, ಊದಿದ.

ಮೊದಲು ಬಾತು ಕೂಗಿದಂತಾಯಿತು. ಆಮೇಲೆ, ಎಲ್ಲಿಂದಲೋ, ಒಂದು ಮಂದ್ರ ಸ್ವರ ಎದ್ದಿತು. ಆಳದ ಬಾವಿಯಲ್ಲಿ ನೀರು ಕದಲಿದ ಹಾಗೆ, ಮೆತ್ತಗೆ, ಕಪ್ಪಗೆ. ಓಲಗ ಆ ತಳವನ್ನು ಎಂದೂ ಮುಟ್ಟಿರಲಿಲ್ಲ. ಅಂಕಯ್ಯನ ರೋಮ ನೆಟ್ಟಗಾಯಿತು. ಇದು ಬೇಕು ಎನಿಸಿತು. ಕುರ್ಚಿಗಿಂತಲೂ ಹೆಚ್ಚಾಗಿ ಬೇಕು ಎನಿಸಿತು. ಅಷ್ಟರಲ್ಲಿ ಬಟ್ಟೆಯೊಳಗಿಂದ ನೆನೆದ ಹೊಗೆಸೊಪ್ಪಿನ ರಸ ನಾಲಗೆಗೆ ತಾಕಿತು. ಅವನು ಬೇಲಿಗೆ ಓಡಿ ಬೆಳಗ್ಗೆ ಕುಡಿದ ಅಂಬಲಿಯನ್ನೆಲ್ಲ ಕಾರಿಕೊಂಡ.

ಬಾಯಿ ಮುಕ್ಕಳಿಸಿ ಬಂದವನೇ ತೀರ್ಮಾನ ಮಾಡಿದ. ಮೈಲಿಗೆಯಾದ ಕಂಚು ಹಿತ್ತಾಳೆಯನ್ನು ಏನು ಮಾಡುತ್ತಾರೋ ಇದಕ್ಕೂ ಅದನ್ನೇ ಮಾಡುವುದು. ಮೂತಿಯನ್ನು ಹಳೆಯ ಮಡಕೆಗೆ ಹಾಕಿ, ಸೀಗೆಪುಡಿ, ಹುಣಸೆಹಣ್ಣು, ಒಲೆಯ ಬೂದಿ ಸುರಿದು, ಹಿತ್ತಲಲ್ಲಿ ಕೊತಕೊತನೆ ಕುದಿಸಿದ. ಮಲ್ಲಿಗಮ್ಮ ದೂರ ನಿಂತೇ, "ಇನ್ನೂ ಕುದೀಲಿ," "ಇನ್ನೊಂದ್ ಉರಿ ಹಾಕು," ಎಂದು ಹೇಳಿದಳು. ತುಸು ಹೊತ್ತಿಗೆ ಮಡಕೆಯಿಂದ ಕೊಳೆತ ಮೊಟ್ಟೆಯ ನಾತ ಎದ್ದಿತು. ಕೋಳಿಗಳು ದೂರ ಸರಿದವು. ಸತ್ತವನ ಎಂಜಲು ಬಿಡುತ್ತಿದೆ ಎಂದುಕೊಂಡು ಅಂಕಯ್ಯ ಮೂಗಿಗೆ ಬಟ್ಟೆ ಕಟ್ಟಿ ಇನ್ನಷ್ಟು ಕಟ್ಟಿಗೆ ತುಂಬಿದ.

ತೆಗೆದು ನೋಡಿದಾಗ ಮೂತಿ ಕರಿಯದಾಗಿ ಉಳಿದಿರಲಿಲ್ಲ. ಕೆರೆಯ ಪಾಚಿಯ ಬಣ್ಣಕ್ಕೆ ತಿರುಗಿ, ಒಂದು ಪಕ್ಕಕ್ಕೆ ಸೊಟ್ಟಗಾಗಿತ್ತು. ಕುದಿಸುವ ಮೊದಲು ಬಿಚ್ಚಿಟ್ಟಿದ್ದ, ಸದ್ದು ಹೊರಡಿಸುವ ತೆಳು ಚಕ್ಕೆಯನ್ನು ಅದಕ್ಕೆ ಮತ್ತೆ ಬಿಗಿದರೆ ನಡುವೆ ಸಂದು ಉಳಿಯಿತು. ಈಗ ಬಟ್ಟೆ ಸುತ್ತದೆಯೇ ಬಾಯಿಗಿಟ್ಟು ಊದಿದ. ಬುಸ್ ಎಂದು ಗಾಳಿ ಹೊರಟಿತು, ಅಷ್ಟೆ. ಬಾಯೆಲ್ಲ ಕೊಳೆತ ಮೊಟ್ಟೆ.

ಬಸ್ಸು ಹಿಡಿದು, ಮದ್ದೂರಿನಲ್ಲಿ ರೈಲು ಹತ್ತಿ ಅವನು ಮಂಡ್ಯಕ್ಕೆ ಹೋದ. ಊರ ತುಂಬ ಸಕ್ಕರೆ ಕಾರ್ಖಾನೆಯ ಕಾಕಂಬಿಯ ಹುಳಿ ವಾಸನೆ. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ದಸ್ತಗೀರನ ಮನೆ. ನಡುಮನೆಯ ಚಾಪೆಯ ಮೇಲೆ ಅವನ ತಾಯಿ ಸುಲ್ತಾನ್ ಬೀ ಕೂತಿದ್ದರು; ಕಣ್ಣಿಗೆ ಪೊರೆ ಬಂದಿದ್ದ ಮುದುಕಿ. ಅಂಕಯ್ಯ ಬಾಗಿಲಲ್ಲೇ ನಿಂತು ಪೆಟ್ಟಿಗೆ ತೆರೆದ.

ದಸ್ತಗೀರ್ ಮೂತಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಏನ್ ಮಾಡ್ದೆ ಇದ್ಕೆ?"

"ಕುದಿಸ್ದೆ."

"ಕುದಿಸ್ದ್ಯಾ? ಅರೆ, ಗೆಣಸೇನಯ್ಯಾ ಇದು? ಗಂಧಕದ್ ರಬ್ರು ಕಣಯ್ಯಾ, ಕುದುದ್ರೆ ನಾರ್ತದೆ." ದಸ್ತಗೀರನಿಗೆ ನಗು ಬಂದಿತ್ತು, ಅದು ಬಾಯಿಗೆ ಬರುವುದರೊಳಗೆ ಆರಿತು. "ಯಾಕ್ ಕುದಿಸ್ದೆ?"

ಅಂಕಯ್ಯ ಪೆಟ್ಟಿಗೆಯ ಮುಚ್ಚಳ ಹಾಕಿದ.

"ಎಂಜ್ಲು ಅಂತಾನಾ?"

"ಊಂ."

"ನಮ್ದು ಅಂತಾನಾ, ಸತ್ತೋಂದು ಅಂತಾನಾ?"



"ಇಲ್ಲಿ ಕೊಡು," ಎಂದರು ಸುಲ್ತಾನ್ ಬೀ. ಮಗ ಅದನ್ನು ಅವರ ಅಂಗೈಯಲ್ಲಿಟ್ಟ. ನಾತಕ್ಕೆ ಅವರ ಮೂಗು ಹಿಂದೆ ಸರಿಯಲಿಲ್ಲ. ಹೆಬ್ಬೆರಳಿನಿಂದ ಮೂತಿಯ ಬೆನ್ನನ್ನು ಸವರಿದರು. ಮತ್ತೆ ಸವರಿದರು. ತಿರುಗಿಸಿ, ಇನ್ನೊಂದು ಮಗ್ಗುಲಲ್ಲಿ ಹುಡುಕಿದರು.

"ಇಲ್ಲಿ ಎರಡು ಗುಂಡಿ ಇತ್ತಲ್ಲಪ್ಪಾ."

ಕುದಿಯುವ ನೀರಿಗೆ ಅದು ಮೆತ್ತಗಾಗಿ ಹಲ್ಲಿನ ಗುರುತುಗಳು ಉಬ್ಬಿ ಸಮವಾಗಿದ್ದವು. ಅಂಕಯ್ಯನಿಗೆ ಅದು ಆಗಷ್ಟೇ ಕಂಡಿತು.

"ಗಟ್ಟಿಯಾಗಿ ಕಚ್ತಿದ್ದ," ಮುದುಕಿ ಯಾರಿಗೋ ಹೇಳುವಂತೆ ಹೇಳಿದರು. "ಮುರ್ದೋಯ್ತದೆ ಕಣೋ ಅಸದೂ ಅಂತ ಬೈತಿದ್ದೆ. ಸದ್ದು ಕೇಳಿ ವರ್ಸ ಆಗಿತ್ತು, ಯಾರಾನ ಊದ್ಲಿ ಅಂತ ನಾನೇ ಕೊಡಿಸ್ದೆ ಕಣಪ್ಪಾ. ತೊಳ್ದಿರ್ಲಿಲ್ಲ. ತೊಳ್ಯೋಕೆ ಮನಸ್ ಬರ್ಲಿಲ್ಲ."

ಬೈಯಲಿಲ್ಲ. ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಚಹಾ ತಂದು, ನೆಲ ತಡವಿ, ಅವನ ಮುಂದಿಟ್ಟರು. ಪಿಂಗಾಣಿಯ ಬಟ್ಟಲು, ಅಂಚಿನಲ್ಲಿ ಒಂದು ಚೂರು ಒಡೆದಿತ್ತು. ಅಂಕಯ್ಯನ ಕೈ ತಾನಾಗಿಯೇ ಬೆನ್ನ ಹಿಂದಕ್ಕೆ ಹೋಯಿತು. ಈ ಮನೆಯ ನೀರು ಕುಡಿಯಬಾರದೆಂದು ಅವನಿಗೆ ಯಾರೂ ಕೂರಿಸಿ ಕಲಿಸಿರಲಿಲ್ಲ. ಅದು ಕೈಗೇ ಗೊತ್ತಿತ್ತು. ಸಗಣಿ ನೀರು ಎರಚುವಾಗ ಮೂಗು ಸಿಂಡರಿಸಲು ಪಟ್ಟಲಮ್ಮನಿಗೂ ಯಾರೂ ಕಲಿಸಿರಲಾರರು. ಹಿತ್ತಲಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಉರಿ ತುಂಬುತ್ತಿದ್ದ ತನ್ನ ಮುಖ ಹೇಗಿತ್ತೋ ಎಂದು ಯೋಚಿಸಿದ. ಹೇಸಿಗೆಯಾಯಿತು. ಈ ಸಲ ಅದಕ್ಕೆ ಕಾರಿಕೊಳ್ಳಲು ಬೇಲಿ ಇರಲಿಲ್ಲ.

ಚಹಾ ಆರಿ ಮೇಲೆ ಕೆನೆ ಕಟ್ಟಿತ್ತು. ಬಟ್ಟಲೆತ್ತಿ, ಕೆನೆಸಮೇತ ನುಂಗಿದ.

ದಸ್ತಗೀರ್ ಅವನನ್ನು ಬೀದಿಯ ಕೊನೆಯವರೆಗೆ ಕಳಿಸಲು ಬಂದ. "ಬೆಂಗ್ಳೂರಿಂದ ಹೊಸ ತುದಿ ತರಿಸ್ತೀನಿ. ಯಾರ್ ಬಾಯೂ ತಾಕಿರಾಕಿಲ್ಲ. ಆಗ ಬತ್ತೀಯಾ?"

ಆ ಮಂದ್ರ ಸ್ವರ ಅಂಕಯ್ಯನ ಎದೆಯಲ್ಲಿ ಒಮ್ಮೆ ಕದಲಿತು.

"ಇಲ್ಲ ದಸ್ತಗೀರಣ್ಣ. ನಂಗಾಗಾಕಿಲ್ಲ."

"ಹೊಸಾದು ಅಂದ್ನಲ್ಲಯ್ಯಾ."

"ಅದ್ಕೇ ಆಗಾಕಿಲ್ಲ. ನಿಮ್ಮವ್ವ ಕೇಳುಸ್ಕೊಬೇಕಾಗಿದ್ದು ಹೊಸಾದ್ನಲ್ಲ."

ಮುಂದಿನ ಲಗ್ನಕಾಲಕ್ಕೆ ಕೆಂಪಯ್ಯನವರ ಮನೆಯಲ್ಲಿ ಇನ್ನೊಂದು ಮದುವೆ. ಬ್ಯಾಂಡು ಬಂದಿತ್ತು, ಕ್ಲಾರನೆಟ್ಟು ಇರಲಿಲ್ಲ. ಧಾರೆಯ ಹೊತ್ತಿಗೆ ಅಂಕಯ್ಯ ತನ್ನ ಪೀಪಿಯನ್ನು ನಾಲಗೆಯ ಮೇಲಿಟ್ಟು ನೆನೆಸಿದ. ಇಷ್ಟು ವರ್ಷ ರುಚಿಯೇ ಇಲ್ಲದಿದ್ದ ಅವನದೇ ಎಂಜಲಿಗೆ ಆ ದಿನ ಕೊಳೆತ ಮೊಟ್ಟೆಯ ವಾಸನೆ ಇತ್ತು. ನುಂಗಿಕೊಂಡು ಊದಿದ. ಚಪ್ಪರದ ಗರಿಗಳು ನಡುಗುವಂತೆ ಊದಿದ. ಹೆಣ್ಣಿನ ಕೊರಳಿಗೆ ತಾಳಿ ಬಿತ್ತು.

ಎಲ್ಲರ ಊಟವಾದ ಮೇಲೆ ಪಟ್ಟಲಮ್ಮ ಕೂಗಿದಳು. "ಲೇ ಅಂಕಾ, ತಿಪ್ಪೆ ತಾವ ಎಲೆ ಹಾಕ್ಸಿವ್ನಿ. ಬಿರ್ನೆ ಉಂಡು ಎದ್ದೋಳಿ."

"ನಂಗ್ ಬ್ಯಾಡಿ ಅಮ್ಮಾವ್ರೆ."

"ಯಾಕ್ಲಾ? ಮೈ ಸರಿಗಿಲ್ವಾ?"

"ಮೈ ಸರಿಯಾಗೇ ಅದೆ. ಹೇಸ್ಗೆ ಆಯ್ತದೆ."

ಚಪ್ಪರದಲ್ಲಿ ಕಾಫಿ ಕುಡಿಯುತ್ತಿದ್ದ ದಸ್ತಗೀರನ ಲೋಟ ಅರ್ಧದಲ್ಲೇ ನಿಂತಿತು. ಪಟ್ಟಲಮ್ಮ ಅಂಕಯ್ಯನನ್ನೇ ದುರುಗುಟ್ಟಿ ನೋಡಿದಳು. "ಯಾರಿಗ್ಲಾ ಹೇಸ್ಗೆ? ನಿಂಗಾ?"

"ಊಂ. ನಂಗೇಯಾ."

ಓಲಗವನ್ನು ಬಟ್ಟೆಗೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಅಂಕಯ್ಯ ಹೊರಟ. ಆ ಮನೆಯ ಕರೆ ಅವನಿಗೆ ಮತ್ತೆ ಬರಲಿಲ್ಲ. ಬಂದ ಇತರ ಮದುವೆಗಳಲ್ಲೂ ಅವನು ಊದಿದ, ಉಣ್ಣಲಿಲ್ಲ. ಅಂದು ಬೀದಿಗಿಳಿದವನು ಹಿಂತಿರುಗಿ, "ಬಾರ್ಲಾ ಸಿದ್ದ," ಎಂದು ಕೂಗಿದ.

"ಉಂಡ್ ಬತ್ತೀನಿ ಕಣ್ ಬಾವ," ತಿಪ್ಪೆಯ ಕಡೆಯಿಂದ ಉತ್ತರ ಬಂತು. "ನಂಗೇನ್ ಹೇಸ್ಗೆ ಇಲ್ಲ."

ಅಂಕಯ್ಯ ಮಳವಳ್ಳಿಯ ದಾರಿಯ ಹುಣಸೆಮರದ ಕೆಳಗೆ ಕೂತು, ಪೀಪಿಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಅವನಿಗಾಗಿ ಕಾದ.