ಜಾನಮ್ಮನ ಮುಖ ಕೇಳುವ ಪೆಟ್ಟಿಗೆ

ನಮ್ಮ ಅತ್ತೆ ಜಾನಮ್ಮನವರ ಬಲಗೈಗೆ, ಕೊಯಮತ್ತೂರು ಪಕ್ಕದ ಪೆರಿಯನಾಯಕನಪಾಳ್ಯದ ನಮ್ಮ ಬೀದಿಯಲ್ಲಿರುವ ಬೇಡಿಕೆ ಯಾವ ಡಾಕ್ಟರ ಕೈಗೂ ಇಲ್ಲ. ಯಾರ ಮನೆಗೆ ಹೊಸ ಮಗ್ಗ ಬರಲಿ, ಮಿಕ್ಸಿ ಬರಲಿ, ಸ್ಕೂಟರ್ ಬರಲಿ, ಅರಿಶಿನ ಕುಂಕುಮ ಇಟ್ಟಮೇಲೆ ಮೊದಲು ಮುಟ್ಟಬೇಕಾದವರು ಇವರು. ಹನ್ನೆರಡನೆಯ ವಯಸ್ಸಿಗೆ ಮಗ್ಗದ ಗುಂಡಿಗಿಳಿದು ಐವತ್ತು ವರ್ಷ ಸೀರೆ ನೇಯ್ದ ಕೈ, ಅದು ಮುಟ್ಟಿದ್ದು ಕೆಡುವುದಿಲ್ಲ ಎಂದು ನಮ್ಮ ನೇಕಾರರ ಮನೆಗಳಲ್ಲಿ ನಂಬಿಕೆ. ಕೊಳ್ಳೇಗಾಲದಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಈ ಮರ್ಯಾದೆ ನೋಡಿ, ಈಕೆಗೆ ಭಾರೀ ಆಸ್ತಿ ಇರಬೇಕು ಅಂದುಕೊಂಡಿದ್ದೆ. ಎಲ್ಲಿಯ ಆಸ್ತಿ! ಮಗ್ಗ ಮಾವನವರ ಹೆಸರಿನಲ್ಲಿತ್ತು. ಮನೆ ಮಾವನವರ ತಮ್ಮನ ಹೆಸರಿನಲ್ಲಿದೆ. ಗ್ಯಾಸ್ ಸಿಲಿಂಡರ್ ಕೂಡ ನನ್ನ ಗಂಡನ ಹೆಸರಿನಲ್ಲಿದೆ. ಎಲ್ಲದಕ್ಕೂ ಅತ್ತೆಯ ಕೈ ಬೇಕು, ಹೆಸರು ಯಾರಿಗೂ ಬೇಡ. ಅವರೂ ಅದನ್ನು ಒಂದು ದಿನವೂ ಕೇಳಿದವರಲ್ಲ.

ಅವರ ಒಬ್ಬನೇ ಮಗ ದಂಡಪಾಣಿ ನನ್ನ ಗಂಡ. ವಯಸ್ಸು ನಲವತ್ತಮೂರು, ಪಂಪಿನ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕೆಲಸ, ಭಾನುವಾರ ಬಂತೆಂದರೆ ವಿಡಿಯೋ ಗೇಮ್. ಮಗುವಾದರೆ ಬಿಡುತ್ತಾರೆ ಅಂದುಕೊಂಡೆ. ಮಗಳು ಸರಣ್ಯಾ ಈಗ ಕಾಲೇಜಿಗೆ ಹೋಗುತ್ತಾಳೆ, ಇವರು ಇನ್ನೂ ಸೋಫಾದ ತುದಿಯಲ್ಲಿ ಕೂತು ರಾಕ್ಷಸರನ್ನು ಹೊಡೆಯುತ್ತಿದ್ದಾರೆ. ಸಾಲದೆಂಬಂತೆ ಇವರದೊಂದು ಡಿಸ್ಕ್ ಸುತ್ತು ಬೇರೆ. ಇವರು, ಗಿರಣಿಯ ಎಲೆಕ್ಟ್ರಿಷಿಯನ್ ಕುಮರೇಶನ್, ಅನ್ನೂರಿನಲ್ಲಿ ಬೇಕರಿ ಇಟ್ಟಿರುವ ಪೊನ್ನುಸಾಮಿ, ಮೂವರೂ ಒಂದೊಂದು ಗೇಮ್ ಡಿಸ್ಕ್ ಕೊಳ್ಳುವುದು, ಆಡಿ ಮುಗಿಸಿ ಮುಂದಿನ ಮನೆಗೆ ದಾಟಿಸುವುದು. ಹದಿನೈದು ವರ್ಷದಿಂದ ನಡೆದಿದೆ. ಅನ್ನೂರಿನ ಡಿಸ್ಕನ್ನು ಟಿಫಿನ್ ಡಬ್ಬಿಯಲ್ಲಿ ಚಪಾತಿಯ ಕೆಳಗಿಟ್ಟು ನಾನೇ ಬಸ್ ಕಂಡಕ್ಟರ ಕೈಗೆ ಕೊಟ್ಟು ಕಳಿಸಿದ್ದೇನೆ. ಈ ಸುತ್ತು ನಿಂತರೆ ಇವರ ಸ್ನೇಹವೂ ನಿಲ್ಲುತ್ತದೆ ಅಂತ ನನ್ನ ಗಂಡನಿಗೆ ಒಳಗೊಳಗೇ ಭಯ. ಇವರಿಗೆ ಬೇರೆ ಸ್ನೇಹಿತರೇ ಇಲ್ಲ, ಪಾಪ.

ಹೋದ ವರ್ಷ ಹೊಸ ಆಟದ ಪೆಟ್ಟಿಗೆ ಬರುತ್ತದೆ ಅಂತ ಸುದ್ದಿಯಾಯಿತು. ಕಂಪನಿಯವರು ಅದನ್ನು ತೋರಿಸುವ ವಿಡಿಯೋ ನೋಡಲು ಮೂವರೂ ನಮ್ಮ ನಡುಮನೆಯಲ್ಲಿ ಕೂತರು. ಪೊನ್ನುಸಾಮಿ ಒಂದು ಟ್ರೇ ಪಫ್ಸ್ ತಂದಿದ್ದರು. ಪರದೆಯ ಮೇಲೆ ಕಪ್ಪು ಬನಿಯನ್ನಿನ ಒಬ್ಬ ಮನುಷ್ಯ ಬಂದು ಪೆಟ್ಟಿಗೆಯಲ್ಲಿ ಸಿನಿಮಾ ನೋಡಬಹುದು ಅಂದ. ಕ್ರಿಕೆಟ್ ನೋಡಬಹುದು, ಸೀರಿಯಲ್ ನೋಡಬಹುದು, ಬಾಯಲ್ಲಿ ಹೇಳಿದರೆ ಚಾನೆಲ್ ಬದಲಾಗುತ್ತದೆ ಅಂದ. ಪಫ್ಸ್ ಮುಗಿಯಿತು, ಗೇಮ್ ಮಾತ್ರ ಬರಲಿಲ್ಲ.

"ಏನ್ ಮಾಪ್ಳೆ ಇದು," ಅಂದರು ಕುಮರೇಶನ್, ಗೆಳೆಯರನ್ನು ಅವರು ಕರೆಯುವುದೇ ಹಾಗೆ. "ಟಿ.ವಿ. ಇರೋವ್ನಿಗೇ ಇನ್ನೊಂದು ಟಿ.ವಿ. ಮಾರ್ತಾವ್ನೆ!"

ಕೊನೆಗೆ ಆ ಮನುಷ್ಯ ನಗುನಗುತ್ತಲೇ ಇನ್ನೊಂದು ವಿಷಯ ಹೇಳಿದ. ಡಿಸ್ಕನ್ನು ಒಂದು ಸಲ ಹಾಕಿದರೆ ಅದು ಆ ಪೆಟ್ಟಿಗೆಗೇ ಅಂಟಿಕೊಳ್ಳುತ್ತದೆ, ಬೇರೆಯವರ ಪೆಟ್ಟಿಗೆಯಲ್ಲಿ ಓಡುವುದಿಲ್ಲ. ದಿನಕ್ಕೊಮ್ಮೆ ಮಾಲೀಕರು ಪೆಟ್ಟಿಗೆಗೆ ಮುಖ ತೋರಿಸಬೇಕು, ಇಲ್ಲದಿದ್ದರೆ ಗೇಮ್ ತೆರೆಯುವುದಿಲ್ಲ.

ಆಮೇಲೆ ಶುರುವಾಯಿತು ನೋಡಿ ಬೈಗುಳ! ಅದನ್ನು ಇಲ್ಲಿ ಬರೆಯಲಾರೆ. ಎಲ್ಲರಿಗಿಂತ ಹೆಚ್ಚು ಹಾರಾಡಿದ್ದು ನನ್ನ ಗಂಡ. "ಕಾಸು ಕೊಟ್ಟು ತಕೊಂಡ ಡಿಸ್ಕು ನಮ್ದಲ್ವಂತೆ! ನಾಳೆ ನಾನು ಉಟ್ಟಿರೋ ವೇಷ್ಟೀನೂ ನಂದಲ್ಲ ಅಂತಾರೆ!" ಅಂತ ಕೂಗಿ, ದೇವರ ಮನೆಯಿಂದ ಕರ್ಪೂರ ತಂದು ಹಚ್ಚಿ, ಎಲ್ಲರ ಕೈಯನ್ನೂ ಅದರ ಮೇಲೆ ಇಡಿಸಿದರು. ಚೌಡೇಶ್ವರಿ ಮೇಲಾಣೆ, ಮೂವರಲ್ಲಿ ಯಾರ ಹೆಸರಿನಲ್ಲೂ ಆ ಪೆಟ್ಟಿಗೆ ಮನೆಗೆ ಬರಕೂಡದು. ಬಂದರೆ ತಂದವನು ಸುತ್ತಿನಿಂದ ಹೊರಗೆ.

ಮೂರು ತಿಂಗಳಿಗೆ ನನ್ನ ಗಂಡ ಕೊಯಮತ್ತೂರಿನಿಂದ ಒಂದು ರಟ್ಟಿನ ಡಬ್ಬ ಹೊತ್ತುಕೊಂಡು, ಹಿತ್ತಲ ಬಾಗಿಲಿನಿಂದ ಒಳಗೆ ಬಂದರು.

"ಏನ್ರೀ ಅದು?" ಅಂದೆ.

"ಅಮ್ಮಂಗೆ. ಸೀರಿಯಲ್ ನೋಡಕ್ಕೆ," ಅಂದರು ನನ್ನ ಮುಖ ನೋಡದೆ.

ಎಂಟು ವರ್ಷದಿಂದ ಕಾದಿದ್ದ ಗೇಮಿನ ಕೊನೆಯ ಭಾಗ ಆ ಪೆಟ್ಟಿಗೆಗೆ ಮಾತ್ರ ಬಂದಿತ್ತು. ಆ ಡಿಸ್ಕ್ ಇವರ ಅಂಗಿಯ ಒಳಗೆ ಹೊಟ್ಟೆಗೆ ಅಂಟಿಕೊಂಡಿದ್ದದ್ದು ನನಗೆ ಕಾಣಿಸುತ್ತಿತ್ತು. ನಾಚಿಕೆಗೆಟ್ಟ ಮನುಷ್ಯ! ಆದರೂ ಬಾಯಿ ಬಿಡಲಿಲ್ಲ. ಮುಂದೇನಾಗುತ್ತದೆ ನೋಡುವ ಆಸೆ ನನಗೂ ಇತ್ತು.

ಕಳ್ಳತನದಲ್ಲಿ ಬಂದರೂ ಹೊಸ ಸಾಮಾನಲ್ಲವೇ? ಪದ್ಧತಿ ಬಿಡುವಂತಿಲ್ಲ. ಪೆಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟು, ಟಿ.ವಿ.ಗೆ ಜೋಡಿಸಿ, ಮನೆಮಾತು ಕನ್ನಡವಾದರೂ ಅಮ್ಮನಿಗೆ ಓದಲು ಬರುವುದು ತಮಿಳೇ ಎಂದು ಭಾಷೆಗೆ ಅದನ್ನೇ ಆರಿಸಿ, "ಅಮ್ಮಾ, ಈ ಗುಂಡಿ ಒತ್ತಿಬಿಡು" ಅಂತ ಹೇಳಿ ಇವರು ಬಾಗಿಲಲ್ಲಿ ತೆಂಗಿನಕಾಯಿ ಒಡೆಯಲು ಹೋದರು. ಕಾಯಿ ಹಟಮಾರಿ, ಮೂರು ಏಟು ಬೇಕಾಯಿತು. ಅಷ್ಟರಲ್ಲಿ ಒಳಗೆ ಪೆಟ್ಟಿಗೆ ಇಂಪಾಗಿ ತಮಿಳಿನಲ್ಲಿ ಅತ್ತೆಯ ಹೆಸರು ಕೇಳಿತು. ಎಪ್ಪತ್ತೊಂದು ವರ್ಷದಲ್ಲಿ ಅಂಗಡಿಯವರಾಗಲಿ, ಆಫೀಸಿನವರಾಗಲಿ ಅವರನ್ನು ಕೇಳಿದ್ದು "ಯಾರ ಮನೆಯವರಮ್ಮಾ?" ಅಂತ ಮಾತ್ರ. ಅತ್ತೆ ಸೆರಗು ಸರಿಮಾಡಿಕೊಂಡು, "ಜಾನಮ್ಮ" ಅಂದರು. ಮುಖ ತೋರಿಸಿ ಅಂದಿತು, ತೋರಿಸಿದರು. ಇವರು ಒಡೆದ ಕಾಯಿ ಹಿಡಿದು ಬರುವ ಹೊತ್ತಿಗೆ ಪೆಟ್ಟಿಗೆ ಹೇಳುತ್ತಿತ್ತು, "ವಣಕ್ಕಂ ಜಾನಮ್ಮ, ನೀವೇ ಇದರ ಮಾಲೀಕರು." ಒಂದು ವರ್ಷ ಮುಗಿಯುವ ತನಕ ಅದನ್ನು ಬದಲಿಸುವಂತಿಲ್ಲವಂತೆ.

ನನ್ನ ಗಂಡ ಕಾಯಿ ಹೋಳು ಹಿಡಿದುಕೊಂಡೇ ನೆಲದ ಮೇಲೆ ಕೂತರು. ನಾನು ಅಡುಗೆಮನೆಗೆ ಓಡಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ.

ಅಲ್ಲಿಂದ ಮನೆಯಲ್ಲಿ ಅತ್ತೆಯ ಆಳ್ವಿಕೆ. ಬೆಳಿಗ್ಗೆ ಭಜನೆ, ಮಧ್ಯಾಹ್ನ ಎರಡು ಸೀರಿಯಲ್, ಸಂಜೆ ಕ್ರಿಕೆಟ್. ಕಪ್ಪು ಬನಿಯನ್ನಿನವನು ಹೇಳಿದ್ದೆಲ್ಲ ಅತ್ತೆಯೊಬ್ಬರಿಗಾಗಿಯೇ ಹೇಳಿದಂತಿತ್ತು. ನಡುವೆ ಗೇಮ್ ಆಡಬೇಕೆಂದರೆ ಮಗ ಬಂದು ಕೈಕಟ್ಟಿ ನಿಲ್ಲಬೇಕು.

"ಅಮ್ಮಾ, ಸ್ವಲ್ಪ ಮುಖ ತೋರ್ಸು."

"ತೋರ್ಸಾಣ. ಮೊದ್ಲು ಆ ಸಣ್ಣ ಈರುಳ್ಳಿ ಸುಲಿದು ಕೊಡು."

ಮದುವೆಯಾದ ಇಪ್ಪತ್ತು ವರ್ಷದಲ್ಲಿ ನಾನು ಹೇಳಿ ಮಾಡಿಸಲಾಗದ ಕೆಲಸ! ಆ ಕಂಪನಿಯವರ ಹೊಟ್ಟೆ ತಣ್ಣಗಿರಲಿ ಅಂತ ಎಷ್ಟು ಸಲ ಹರಸಿದ್ದೇನೋ.

ಒಂದು ಭಾನುವಾರ ಹೇಳದೆ ಕೇಳದೆ ಕುಮರೇಶನ್ ಮತ್ತು ಪೊನ್ನುಸಾಮಿ ಬಂದುಬಿಟ್ಟರು. ನನ್ನ ಗಂಡ ಹಾರಿ ಹೋಗಿ ಪೆಟ್ಟಿಗೆಯ ಮೇಲೆ ಅತ್ತೆಯ ಹಳೆಯ ಸೀರೆ ಎಸೆದು, ಅದರ ಮೇಲೊಂದು ಹಿತ್ತಾಳೆಯ ದೀಪದ ಕಂಬ ಇಟ್ಟು ಬೆವರೊರೆಸಿಕೊಂಡರು. ಬಂದವರು ಕೈಮುಗಿದು ಕೂತರು. ಕುಮರೇಶನ್ ತಾವು ತಂದ ಡಿಸ್ಕನ್ನು ಇವರ ಕೈಗಿಡುವ ಹೊತ್ತಿಗೆ, ಅತ್ತೆ ಬದನೆಕಾಯಿ ಚೀಲದೊಂದಿಗೆ ಸಂತೆಯಿಂದ ಬಂದರು. ಬಂದವರೇ ಎಂದಿನಂತೆ ಟಿ.ವಿ. ಕಡೆ ತಿರುಗಿ, "ಎದ್ದೇಳಪ್ಪಾ" ಅಂದರು.

ದೀಪದ ಕಂಬದ ಕೆಳಗಿನಿಂದ ಉತ್ತರ ಬಂತು. "ವಣಕ್ಕಂ ಜಾನಮ್ಮ. ನಿಮ್ಮ ಸೀರಿಯಲ್ ನಿನ್ನೆ ನಿಂತ ಕಡೆಯಿಂದ ಹಾಕಲೇ?"

ಕುಮರೇಶನ್ ಎದ್ದುಹೋಗಿ ಸೀರೆ ಎತ್ತಿ ನೋಡಿದರು. ಬೈಯಲಿಲ್ಲ. ನನ್ನ ಗಂಡನ ಕೈಯಿಂದ ತಮ್ಮ ಡಿಸ್ಕನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡರು, ಅಷ್ಟೇ. ಪೊನ್ನುಸಾಮಿ ಚಪ್ಪಲಿ ಹುಡುಕತೊಡಗಿದರು. ನನ್ನ ಗಂಡನ ಕಣ್ಣು ತುಂಬಿಬಿಟ್ಟಿತು. ಅಷ್ಟು ಹೊತ್ತು ನಗು ತಡೆದುಕೊಂಡಿದ್ದ ನನಗೂ ಸಂಕಟವಾಯಿತು.

"ನಿಲ್ಲ್ರಪ್ಪಾ," ಅಂದರು ಅತ್ತೆ. "ಎಲ್ಲಿಗೆ ಹೋಗದು?"

"ಆಣೆ ಮುರ್ದವ್ನೆ ದೊಡ್ಡಮ್ಮಾ," ಅಂದರು ಕುಮರೇಶನ್.

"ಅವನೆಲ್ಲಿ ಮುರ್ದ? ನಿಮ್ಮ ಮೂವರ ಹೆಸರಲ್ಲಿ ತಾನೇ ಬರಕೂಡದು? ಪೆಟ್ಟಿಗೆ ನಂದು. ಬೇಕಾದ್ರೆ ಅದನ್ನೇ ಕೇಳು."

ಕುಮರೇಶನ್ ನಿಜವಾಗಿಯೂ ಕೇಳಿದರು. ಪೆಟ್ಟಿಗೆ ಜಾನಮ್ಮನ ಹೆಸರನ್ನೇ ಹೇಳಿತು.

"ಇದ್ರಲ್ಲಿ ಡಿಸ್ಕು ದಾಟಲ್ಲ ಅಂದ್ರೆ ಪೆಟ್ಟಿಗೆನೇ ದಾಟ್ಲಿ. ಒಂದು ವಾರ ಇಲ್ಲಿ, ಒಂದು ವಾರ ನಿಮ್ಮನೇಲಿ, ಅಪ್ಪುರ ಅನ್ನೂರು."

"ದಿನಾ ನಿಮ್ಮ ಮುಖ ಬೇಕಲ್ಲ ದೊಡ್ಡಮ್ಮಾ?" ಅಂದರು ಪೊನ್ನುಸಾಮಿ, ಕಾಲಿಗೆ ಒಂದೇ ಚಪ್ಪಲಿ.

"ಮುಖ ಇಲ್ಲೇ ಬಿಟ್ಟು ಬತ್ತೀನಾ? ನಾನೂ ಬತ್ತೀನಿ. ಆನಾ ಒಂದು ಮಾತು, ನಿನ್ನ ಬೇಕರಿ ಬನ್ನು ಮೃದುವಾಗಿರ್ಬೇಕು, ನಂಗೆ ಹಲ್ಲಿಲ್ಲ."

ಮೊದಲು ನಕ್ಕದ್ದು ಕುಮರೇಶನ್. "ದೊಡ್ಡಮ್ಮನ ಹೆಸರಲ್ಲಿ ಇರೋವರ್ಗೂ ಸುತ್ತು ಇರ್ತದೆ ಮಾಪ್ಳೆ," ಅಂದು ಡಿಸ್ಕನ್ನು ಮತ್ತೆ ಇವರ ತೊಡೆಯ ಮೇಲೆ ಎಸೆದರು.

ಹಾಗೆ ನಮ್ಮ ಅತ್ತೆ ಸುತ್ತು ಹೊರಟರು. ಮಗ್ಗದ ಗುಂಡಿಯಲ್ಲಿ ಐವತ್ತು ವರ್ಷ ಕೂತ ಹೆಂಗಸು ತಿಂಗಳಿಗೆ ಎರಡು ಮನೆ ನೆಂಟಸ್ತಿಕೆ ಉಂಡು, ಬನ್ನು ತಿಂದು, ಕೆನ್ನೆ ತುಂಬಿಕೊಂಡರು. ಕೆನ್ನೆ ತುಂಬಿದ್ದಕ್ಕೆ ಒಂದು ದಿನ ಪೆಟ್ಟಿಗೆಗೆ ಗುರುತೇ ಸಿಗದೆ, ಅನ್ನೂರಿನಲ್ಲಿ ನಾಲ್ಕು ಸಲ ಮುಖ ತೋರಿಸಬೇಕಾಯಿತಂತೆ.

ಮೊನ್ನೆ ವರ್ಷ ತುಂಬಿತು. ಪರದೆಯ ಮೇಲೆ ತಮಿಳಿನಲ್ಲಿ ಪ್ರಶ್ನೆ ಬಂತು. ಮಾಲೀಕರ ಹೆಸರು ಬದಲಿಸಬೇಕೇ? ಹೌದು, ಬೇಡ. ನನ್ನ ಗಂಡ ಕಾದು ಕೂತಿದ್ದರು. ಆಣೆ, ಸುತ್ತು, ಎಲ್ಲ ಮರೆತುಹೋಗಿತ್ತು. ಇನ್ನು ಯಾರ ಈರುಳ್ಳಿಯನ್ನೂ ಸುಲಿಯಬೇಕಿಲ್ಲ ಎಂಬ ಆಸೆ ಮುಖದ ಮೇಲೇ ಕಾಣುತ್ತಿತ್ತು.

"ಅಮ್ಮಾ, ನಿನ್ನ ಕೈಯೇ ಮೊದ್ಲು. 'ಹೌದು' ಒತ್ತಿಬಿಡು."

ಅತ್ತೆ ಕನ್ನಡಕ ಹಾಕಿಕೊಂಡು ಅಕ್ಷರ ಕೂಡಿಸಿ ಓದಿದರು. ಬಲಗೈ ಎತ್ತಿ 'ಬೇಡ' ಒತ್ತಿದರು.

"ಏನಮ್ಮಾ ಇದು!"

"ಇರ್ಲಿ ಬಿಡು ದಂಡಪಾಣಿ," ಅಂದರು. "ಇಷ್ಟು ವರ್ಷ ಎಲ್ಲಾನೂ ಮುಟ್ಟಿ ಮುಟ್ಟಿ ಕೊಟ್ಟಾಯ್ತು. ಇದೊಂದು ನನ್ನ ಹೆಸರಲ್ಲೇ ಇರ್ಲಿ."

ಇವರು ನನ್ನ ಕಡೆ ನೋಡಿದರು. ಆಮೇಲೆ ವೈರುಗಳನ್ನು ಬಿಚ್ಚಿ, ಪೆಟ್ಟಿಗೆಯನ್ನು ಅತ್ತೆಯ ಹಳೆಯ ಸೀರೆಯಲ್ಲಿ ಸುತ್ತಿ, ಬಸ್ ನಿಲ್ದಾಣದ ತನಕ ಹೊತ್ತುಕೊಂಡು ಹೋದರು. ಅದು ಅನ್ನೂರಿನ ವಾರ. ಅತ್ತೆ ಬರಿಗೈ ಬೀಸಿಕೊಂಡು ಮುಂದೆ ಮುಂದೆ ನಡೆಯುತ್ತಿದ್ದರು.