ಷ್ವಾನ್‌ಜುವಿನ ಹೊಟ್ಟೆ, ಫಾನ್ ಅಜ್ಜಿಯ ಕೊನೆಯ ದಾರಿ

ಹಾವ್ ಷ್ವಾನ್‌ಜು ಓಲಗ ಊದಿದರೆ ಸತ್ತವರ ಮನೆಯ ನಾಯಿಯೂ ಊಳಿಡುವುದನ್ನು ನಿಲ್ಲಿಸಿ ಕೇಳುತ್ತಿತ್ತು. ನಮ್ಮ ಶಾನ್‌ಶಿ ಗುಡ್ಡಗಳಲ್ಲಿ ಅವನಷ್ಟು ದಮ್ಮಿನವನು ಇನ್ನೊಬ್ಬನಿರಲಿಲ್ಲ. ನಾನು ಇಪ್ಪತ್ತೆರಡು ವರ್ಷ ಅವನ ಪಕ್ಕದಲ್ಲಿ ತಾಳ ಬಡಿದವನು. ಎರಡು ತಟ್ಟೆಗಳು ಒಂದನ್ನೊಂದು ಮುಟ್ಟುವಂತೆ ನೋಡಿಕೊಂಡರೆ ಮುಗಿಯಿತು. ಅದರಲ್ಲೂ ಆಗಾಗ ತಪ್ಪುತ್ತಿದ್ದೆ.

ಇಂಥ ಷ್ವಾನ್‌ಜುವಿಗೆ ಆರು ವರ್ಷದಿಂದ ಭೇದಿ. ದಿನವಿಡೀ ಅಲ್ಲ. ಕೋಳಿ ಕೂಗಿದೊಡನೆ ಹೊಟ್ಟೆ ಗುಡುಗಿ, ಬಿಸಿಲೇರುವಷ್ಟರಲ್ಲಿ ನಾಲ್ಕು ಓಟ. ಪಟ್ಟಣದ ಆಸ್ಪತ್ರೆಯವರು ಒಳಗೆ ಕ್ಯಾಮೆರಾ ಇಳಿಸಿ ನೋಡಿ, ಹೆದರುವಂಥದ್ದೇನಿಲ್ಲ ಎಂದರು. ಬೇರೆ ಕಸುಬಿನವನಾಗಿದ್ದರೆ ಹೇಗೋ ನಡೆಯುತ್ತಿತ್ತು. ನಮ್ಮಲ್ಲಿ ಹೆಣ ಎತ್ತುವುದೇ ನಸುಕಿನಲ್ಲಿ. ಗುಂಡಿ ಮುಟ್ಟುವವರೆಗೆ ಹೆಣದ ಪೆಟ್ಟಿಗೆ ನೆಲಕ್ಕಿಡುವಂತಿಲ್ಲ, ಓಲಗ ನಿಲ್ಲುವಂತಿಲ್ಲ. ಎರಡು ವರ್ಷದ ಹಿಂದೆ ಒಬ್ಬ ಹಿರಿಯರ ಮೆರವಣಿಗೆಯ ನಡುವೆ ಅವನು ಓಲಗವನ್ನು ನನ್ನ ಕಂಕುಳಿಗೆ ತುರುಕಿ ಜೋಳದ ಹೊಲಕ್ಕೆ ಓಡಿದ. ಉಳಿದ ದಾರಿಯನ್ನು ನನ್ನ ತಾಳವೊಂದೇ ಸಾಗಿಸಿತು. ಸತ್ತವರು ದೂರಲಿಲ್ಲ, ಇದ್ದವರು ಇಂದಿಗೂ ದೂರುತ್ತಾರೆ. ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ.

ಕರೆದವಳು ಫಾನ್ ಅಜ್ಜಿಯೊಬ್ಬಳೇ. ತೊಂಬತ್ತೊಂದು ವರ್ಷ, ಹಾಸಿಗೆ ಹಿಡಿದಿದ್ದಳು, ತನ್ನ ಪೆಟ್ಟಿಗೆಗೆ ತಾನೇ ಎದುರು ನಿಂತು ಬಣ್ಣ ಹಚ್ಚಿಸಿದ್ದವಳು.

"ಲೋ ಷ್ವಾನ್‌ಜು, ನನ್ನ ಮುಂದೆ ನೀನೇ ಊದ್ಬೇಕು ಕಣೋ. ಬೇರೆಯವ್ನು ಊದಿದ್ರೆ ಎದ್ದು ವಾಪಸ್ ಬಂದ್ಬಿಡ್ತೀನಿ."

"ಅಜ್ಜೀ, ನನ್ನ ಹೊಟ್ಟೆ..."

"ಗೊತ್ತು ಕಣೋ. ಚಳಿಗಾಲದವರ್ಗೂ ಉಸಿರು ಹಿಡ್ಕೊಂಡಿರ್ತೀನಿ, ಅಷ್ಟ್ರಲ್ಲಿ ರಿಪೇರಿ ಮಾಡಿಸ್ಕೋ. ಆಗ ಜೋಳ ಕೊಯ್ದು ಹೊಲ ಬೋಳಾಗಿರತ್ತೆ. ಓಡಿದ್ರೂ ಮರೆ ಇರಲ್ಲ, ನೋಡ್ಕೋ!"

ಹೀಗೆ ಅವನು ಬೇರುನಾರಿನ ಮದ್ದು ಕೊಡುವ ಮಿಯಾವ್ ವೈದ್ಯರ ಬಳಿ ಹೋದ. ಅವರು ನಾಲಿಗೆ ನೋಡಿ, ನಾಡಿ ಹಿಡಿದು, "ಒಳಗಿನ ಒಲೆ ಆರ್ಹೋಗಿದೆ ಕಣಪ್ಪಾ" ಎಂದರು. ಜಾಯಿಕಾಯಿ, ಬಾವಂಚಿ, ಒಣಶುಂಠಿ, ಬೋರೆಹಣ್ಣು ಕುದಿಸಿದ ಕಷಾಯ. ಹೊಕ್ಕುಳಲ್ಲಿ ಉಪ್ಪು ತುಂಬಿ ಅದರ ಮೇಲೆ ಮಾಚಿಪತ್ರೆಯ ಕೆಂಡ. ಊಟಕ್ಕೆ ನವಣೆ ಗಂಜಿ, ಬೇಯಿಸಿದ ಬಳ್ಳಿಗೆಣಸು. ತಣ್ಣನೆಯದು, ಹಸಿಯದು ಮುಟ್ಟಕೂಡದು. ಷ್ವಾನ್‌ಜು ತಂಪು ಬಿಯರ್ ಬಿಟ್ಟ. ಅವನು ಬಿಟ್ಟದ್ದನ್ನು ಗೆಳೆತನಕ್ಕಾಗಿ ನಾನು ಕುಡಿದೆ.

ಎರಡು ತಿಂಗಳಾದರೂ ನಾಲ್ಕು ಓಟ ಮೂರಕ್ಕೆ ಬಂದು ಅಲ್ಲೇ ಕೂತಿತು.

ಅವನ ಹೆಂಡತಿ ಲಾನ್‌ಯಿಂಗ್ ದಿನವೂ ಕಷಾಯದ ಚರಟವನ್ನು ಕೂಡುದಾರಿಯಲ್ಲಿ ಸುರಿಯುತ್ತಿದ್ದಳು; ತುಳಿದವರ ಕಾಲಿಗಂಟಿ ರೋಗ ಊರು ಬಿಡಲಿ ಎಂದು. ನಾನಂತೂ ಆಗ ಸುತ್ತುದಾರಿ ಹಿಡಿಯುತ್ತಿದ್ದೆ. ಒಂದು ದಿನ ಆ ಕಡೆ ಬಂದ ಮಿಯಾವ್ ವೈದ್ಯರು ಚರಟದ ಮುಂದೆ ಕುಕ್ಕರುಗಾಲಲ್ಲಿ ಕೂತು ಕಡ್ಡಿಯಿಂದ ಕೆದಕಿದರು. ತಮ್ಮ ಬೇರುನಾರುಗಳ ನಡುವೆ ಕಚ್ಚಿ ಬಿಟ್ಟ ಪೇರ್ ಹಣ್ಣಿನ ದಿಂಡುಗಳು! ನೇರ ಮನೆಗೇ ನುಗ್ಗಿದರು.

"ಪೇರ್ ಹಣ್ಣು ಯಾರಮ್ಮಾ ತಿಂದಿದ್ದು?"

"ಇವ್ರೇ. ದಿನಾ ನಸುಕಿಗೆ ಎರಡು, ಬಾವಿನೀರಲ್ಲಿಟ್ಟಿದ್ದು. ಗಂಟಲಿಗೆ ಒಳ್ಳೇದಂತೆ."

ಓಲಗದವರೆಲ್ಲ ತಿನ್ನುತ್ತಾರೆ, ಗುರು ಕಲಿಸುವ ಮೊದಲ ಪಾಠವೇ ಅದು. ಯಾರೂ ಕರೆಯದ ಎರಡು ವರ್ಷವೂ ಷ್ವಾನ್‌ಜು ಅದನ್ನು ತಪ್ಪಿಸಿರಲಿಲ್ಲ.

"ಅದು ಊಟ ಅಲ್ವಲ್ಲ ವೈದ್ಯರೇ, ಕಸುಬು!" ಎಂದ.

"ನಾನು ಒಲೆ ಹಚ್ಚೋದು, ನೀನು ಬಾವಿನೀರು ಸುರಿಯೋದು! ಚೆನ್ನಾಗಿದೆ ಕಣಯ್ಯಾ."

"ಗಂಟಲು ಒಡೆದ್ರೆ?"

"ಗಂಟಲು ಒಡೆದ್ರೆ ಜನ ಕೆಮ್ಮು ಅಂತಾರೆ. ಹೊಟ್ಟೆ ಕೆಟ್ರೆ ಏನಂತಾರೆ ಅಂತ ನಿಂಗೇ ಗೊತ್ತು."

ಪೇರ್ ನಿಂತಿತು. ನಲವತ್ತು ದಿನ ಕಳೆದ ಮೇಲೊಂದು ನಸುಕಿನಲ್ಲಿ ಕೋಳಿ ಕೂಗಿತು. ಷ್ವಾನ್‌ಜು ಮಲಗಿದಲ್ಲಿಂದ ಅಲುಗಲೇ ಇಲ್ಲ. ಲಾನ್‌ಯಿಂಗ್ ಹೆದರಿ ಅವನ ಮೂಗಿನ ಹತ್ತಿರ ಕೈಯಿಟ್ಟು ನೋಡಿದಳಂತೆ.

ಮೊದಲ ಹಿಮ ಬಿದ್ದ ವಾರ ಫಾನ್ ಅಜ್ಜಿ ಹೊರಟಳು. ಹಿರಿಮಗ ಮಾತು ಉಳಿಸಿಕೊಂಡು ಷ್ವಾನ್‌ಜುವನ್ನೇ ಕರೆದ. ಜೊತೆಗೆ, ಎಚ್ಚರಿಕೆಗಿರಲಿ ಎಂದು, ಪಕ್ಕದೂರಿನ ಓಲಗದವನನ್ನೂ ಹಿಂದೆ ನಿಲ್ಲಿಸಿದ್ದ. ಪೆಟ್ಟಿಗೆ ಎದ್ದಿತು, ಕೋಳಿ ಕೂಗಿತು. ಅಂದು ಅವನು ನುಗ್ಗಿದ್ದ ಜೋಳದ ಹೊಲ ಈಗ ಬೋಳು; ಅದು ಬಂದಾಗ ಅಳುತ್ತಿದ್ದ ಸೊಸೆಯಂದಿರೂ ಅಳು ನಿಲ್ಲಿಸಿ ಷ್ವಾನ್‌ಜುವಿನ ಹೊಟ್ಟೆ ನೋಡಿದರು. ನನ್ನ ತಾಳ ಎರಡು ಪೆಟ್ಟು ತಪ್ಪಿತು. ಅವನು ಮಾತ್ರ ಕೆನ್ನೆ ಉಬ್ಬಿಸಿ, ಓಲಗವನ್ನು ಆಕಾಶಕ್ಕೆತ್ತಿ, ಗುಡ್ಡ ಹತ್ತಿದ. ಅರ್ಧ ದಾರಿಯಲ್ಲಿ ಪಕ್ಕದೂರಿನವನು ತನ್ನ ಓಲಗಕ್ಕೆ ಬಟ್ಟೆ ಸುತ್ತಿಬಿಟ್ಟ.

ಗುಂಡಿಯ ಬಳಿ ಪೆಟ್ಟಿಗೆ ಇಳಿಯಿತು, ಮಣ್ಣು ಬಿತ್ತು, ಬಿಸಿಲು ಬಂತು. ಷ್ವಾನ್‌ಜು ನಿಲ್ಲಿಸಲೇ ಇಲ್ಲ. ತುಂಬು ಬಾಳಿನ ಸಾವೆಂದು ಮದುವೆಯ ಮಟ್ಟುಗಳಿಗೇ ಇಳಿದಿದ್ದ. ಕೊನೆಗೆ ಹಿರಿಮಗ ಅವನ ತೋಳು ಹಿಡಿದು, "ಸಾಕು ಬಿಡಪ್ಪಾ, ಅಮ್ಮ ಮಲಗ್ಲಿ" ಎಂದ.

"ಇನ್ನೊಂದು ಕೇಳ್ಕೊಂಡು ಮಲಗ್ತಾಳೆ ಬಿಡಣ್ಣಾ" ಎಂದು ಷ್ವಾನ್‌ಜು ತುಟಿ ಒರೆಸಿಕೊಂಡು ಮತ್ತೆ ಊದಿದ.